ನಡುವಿನ ಚಿತ್ರ

ಗೋಣಿಕೊಪ್ಪಲಿನಲ್ಲಿ, ಔಷಧಿ ಅಂಗಡಿಯ ಮಹಡಿ ಮೇಲೆ
ಹನ್ನೊಂದು ಟೀವಿಗಳಲ್ಲಿ ಒಂದೇ ಗಿಳಿ
ಒಟ್ಟಿಗೆ ರೆಕ್ಕೆ ಬಿಚ್ಚುತ್ತದೆ.
ನಿಧಾನ.
ಆಮೇಲೆ ಜೇನು ಸುರಿಯುತ್ತದೆ, ಅದೂ ನಿಧಾನ.
ನಮ್ಮ ತೋಟದ ಗಿಳಿಗೆ ಇಷ್ಟು ಪುರುಸೊತ್ತಿಲ್ಲ,
ಕಿತ್ತಳೆ ಕುಕ್ಕಿ, ಬೈಗುಳ ಮುಟ್ಟುವ ಮೊದಲೇ ಪರಾರಿ.

"ಕಪ್ಪು ನೋಡಿ ಸರ್" ಅಂದಳು ಶಫ್ನಾ,
"ಇದರಲ್ಲಿ ಕಪ್ಪು ಅಂದ್ರೆ ದೀಪವೇ ಆರಿಹೋಗತ್ತೆ."
ಅದಕ್ಕೆ ನಮ್ಮಲ್ಲಿ ಕರೆಂಟು ಹೋಗುವುದು ಅಂತಾರಮ್ಮ,
ದುಡ್ಡು ಕೊಡದೆ ದಿನಾ ಸಂಜೆ ಸಿಗುತ್ತದೆ.

ಎಡಗಣ್ಣಿಗೆ ಹೋದ ತಿಂಗಳು ಮೈಸೂರಿನಲ್ಲಿ ಹೊಸ ಮಸೂರ ಹಾಕಿದ್ದಾರೆ,
ಬಲಗಣ್ಣಲ್ಲಿ ಇನ್ನೂ ಹಳೇ ಪೊರೆ.
ಒಂದು ಮುಚ್ಚಿ ಒಂದು ತೆರೆದೆ:
ಈ ಕಡೆ ಗಿಳಿ ಆಗತಾನೇ ತೊಳೆದ ಹಸಿರು,
ಆ ಕಡೆ ಅದೇ ಗಿಳಿ ಕಷಾಯದಲ್ಲಿ ಅದ್ದಿ ತೆಗೆದದ್ದು.
ಅರವತ್ತೆಂಟು ಸಾವಿರದ್ದಕ್ಕೂ ಮೂವತ್ತೊಂದರದ್ದಕ್ಕೂ ಇರುವ ವ್ಯತ್ಯಾಸ
ನನ್ನ ಮೂಗಿನ ಎರಡು ಪಕ್ಕದಲ್ಲೇ ಇತ್ತು.

"ಹಾಕಿ ಹಾಕು" ಅಂದೆ.
"ಏನು ಹಾಕಲಿ ಸರ್?"
"ಹಾಕಿ."

ಫೋನಿನಲ್ಲಿ ಹುಡುಕಿ ಯಾವುದೋ ದೇಶದ ಪಂದ್ಯ ಹಾಕಿದಳು.
ಅಗ್ಗದ ಟೀವಿಯಲ್ಲಿ ಚೆಂಡಿಗೆ ಬಾಲ,
ಹುಲ್ಲಿನ ಮೇಲೆ ಈಜುವ ಗೊದಮೊಟ್ಟೆ.
ಪಕ್ಕದ್ದರಲ್ಲಿ ಬಾಲ ಉದುರಿ
ಚೆಂಡು ಚೆಂಡೇ ಆಗಿತ್ತು.
ಅದು ಸೆಕೆಂಡಿಗೆ ಅರವತ್ತು ಚಿತ್ರ, ಇದು ನೂರಿಪ್ಪತ್ತು.

"ಚಾನೆಲ್ಲಿನವರು ನೂರಿಪ್ಪತ್ತು ಕಳಿಸ್ತಾರಾ?"
"ಇಲ್ಲ ಸರ್, ಐವತ್ತೇ."
"ಉಳಿದ ಎಪ್ಪತ್ತು?"
ಅವಳು ಮ್ಯಾನೇಜರನ ಕಡೆ ನೋಡಿ ಸ್ವರ ತಗ್ಗಿಸಿದಳು:
"ಹಿಂದಿನದ್ದು ನೋಡ್ಕೊಂಡು, ಮುಂದಿನದ್ದು ನೋಡ್ಕೊಂಡು
ನಡುವಿನದ್ದನ್ನ ಟೀವಿಯೇ ಊಹಿಸತ್ತೆ."

ಸ್ಟೂಲಿನ ಮೇಲೆ ಕೂತುಬಿಟ್ಟೆ.

ನಾಪೋಕ್ಲು ಮೈದಾನ, ಸೆಮಿಫೈನಲ್, ಕೊನೆಯ ನಿಮಿಷ.
ಕೊರಳಲ್ಲಿ ಸೀಟಿ, ನನಗಾಗ ನಲವತ್ತೆರಡು.
ಸ್ಟಿಕ್ ಎದ್ದದ್ದು ಕಂಡೆ.
ಗೋಲಿ ಪೆಮ್ಮಯ್ಯ ಮಲಗಿದ್ದು ಕಂಡೆ, ಅವನ ಪ್ಯಾಡಿನ ಕೆಳಗೆ ಚೆಂಡು,
ಸುಣ್ಣದ ಗೆರೆ ಅವನ ಮೈಯಡಿಯಲ್ಲಿ ಅಳಿಸಿಹೋಗಿತ್ತು.
ಅಷ್ಟೇ. ಎರಡು.
ಸೀಟಿ ಊದಿದೆ, ಕೈ ನಡು ಮೈದಾನಕ್ಕೆ ತೋರಿಸಿದೆ.
ಕೈ ನಡುಗಲಿಲ್ಲ, ಅದನ್ನು ಇವತ್ತಿಗೂ ಹೊಗಳುವವರಿದ್ದಾರೆ.

ಪೆಮ್ಮಯ್ಯ ಬೊಳ್ಳವ್ವನ ಸ್ವಂತ ಅಣ್ಣ.
ಮದುವೆ ಮನೆಗಳಲ್ಲಿ ಪಂದಿಕರಿಯ ಪಾತ್ರೆ ಅವನ ಕೈಗೆ ಬಂದರೆ
ಇಪ್ಪತ್ತಾರು ವರ್ಷದಿಂದ ನನ್ನ ತಟ್ಟೆಗೆ ಬೀಳುವುದು ಮೂಳೆ.
ಸಾರು ಮಾತ್ರ ಧಾರಾಳ. ಅವನೂ ನ್ಯಾಯವಂತ.

"ಬೇಡ ಅಂದ್ರೆ ಸೆಟ್ಟಿಂಗ್‌ನಲ್ಲಿ ಆಫ್ ಮಾಡಬಹುದು ಸರ್,
ಕೆಲವರಿಗೆ ಸಿನಿಮಾ ಧಾರಾವಾಹಿ ತರ ಕಾಣತ್ತೆ ಅಂತಾರೆ."
ಟೀವಿಗೆ ಹಾಗೊಂದು ಗುಂಡಿ ಇದೆ.
"ಇರಲಿ" ಅಂದೆ. ಆಫ್ ಇರಲಿ ಅಂತಲೋ ಆನ್ ಇರಲಿ ಅಂತಲೋ
ಅವಳು ಕೇಳಲಿಲ್ಲ,
ಬೊಳ್ಳವ್ವ ಆಗಲೇ ಕೌಂಟರಿನಲ್ಲಿ
ಸ್ಟೆಬಿಲೈಸರನ್ನು ಪುಕ್ಕಟೆ ಮಾಡಿಸಲು ಜಗ್ಗಾಡುತ್ತಿದ್ದಳು.

ಮಲಗಿಸಬಾರದಂತೆ, ನಿಲ್ಲಿಸಿಯೇ ಒಯ್ಯಬೇಕಂತೆ.
ಜೀಪಿನ ಹಿಂದೆ ಡಬ್ಬ ತಬ್ಬಿಕೊಂಡು ನಾನು,
ಸ್ಟೇರಿಂಗಿನಲ್ಲಿ ಅವಳು.
ಹುದಿಕೇರಿ ದಾರಿಯ ಸಿಲ್ವರ್ ಓಕಿನ ಸಾಲು
ಇಳಿಬಿಸಿಲನ್ನು ಕತ್ತರಿಸಿ ಕತ್ತರಿಸಿ ಒಳಗೆ ಎಸೆಯುತ್ತಿತ್ತು:
ಮರ, ಬಿಸಿಲು, ಮರ, ಬಿಸಿಲು.

ಕನ್ನಡಿಯಲ್ಲಿ ನನ್ನನ್ನೇ ನೋಡುತ್ತ ಕೇಳಿದಳು,
ಇಷ್ಟು ವರ್ಷಕ್ಕೆ ಮೊದಲ ಸಲ,
"ಅವತ್ತು ಚೆಂಡು ದಾಟಿತ್ತಾ?"

ಯಾವ ಕಣ್ಣು ಮುಚ್ಚಲಿ ಅಂತ ಯೋಚಿಸಿದೆ.
ಹಂಪು ಬಂತು. ಅವಳು ಗೇರು ಇಳಿಸಿದಳು.
ಬಿಸಿಲು ನಿಧಾನವಾಯಿತು,
ಗಿಳಿಯ ಹಾಗೆ.